ಕೆಟಲ್ ಕೂಗು ಕೇಳಿಸದ ಡಬ್ಬಿ

ನನ್ನ ಮೈದುನನನ್ನು ಎಲ್ಲರೂ ಡಬ್ಬಿ ಅನ್ನುತ್ತಾರೆ. ಆ ಹೆಸರಿಟ್ಟವಳು ನಾನೇ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವನಿಗಿನ್ನೂ ಹಾಲುಹಲ್ಲು ಬೀಳುತ್ತಿದ್ದವು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಸಾಲಾಗಿಟ್ಟುಕೊಂಡು ಎರಡು ಚಮಚ ಹಿಡಿದು ಬಡಿಯುತ್ತಿದ್ದ. ಸಕ್ಕರೆ ಡಬ್ಬಿಗೆ ಒಂದು ದನಿ, ಖಾಲಿ ಬಿಸ್ಕತ್ತಿನ ಡಬ್ಬಿಗೆ ಇನ್ನೊಂದು. ಅರ್ಧ ತುಂಬಿದ ಅಕ್ಕಿ ಡಬ್ಬಿ ಅಂದರೆ ಪ್ರಾಣ. ಅದನ್ನು ಬಡಿದರೆ ಮೊದಲು "ದೊಬ್" ಅನ್ನುತ್ತದೆ, ಆಮೇಲೆ ಒಳಗಿನ ಅಕ್ಕಿ ಸರಿದು ಸಣ್ಣಗೆ "ಸ್ಸ್" ಅನ್ನುತ್ತದೆ. "ಅತ್ತಿಗೆ, ಇದು ಕೊನೇಲಿ ಏನೋ ಗುಟ್ಟು ಹೇಳತ್ತೆ" ಅಂತ ಓಡಿ ಬಂದು ಹೇಳುತ್ತಿದ್ದ. ಆ ಗುಟ್ಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಅವನಿಗೆ ಅರವತ್ತರ ಹತ್ತಿರ. ಬೇಕರಿಯ ಬ್ರೆಡ್ ವ್ಯಾನ್ ಓಡಿಸುತ್ತಾನೆ. ಬೆಳಗಿನ ಜಾವ ಹೋಗಿ ಅಂಗಡಿಗಳಿಗೆ ಬ್ರೆಡ್ ಹಾಕಿ, ಊಟದ ಹೊತ್ತಿಗೆ ಮನೆಗೆ ಬರುತ್ತಾನೆ. ಉಂಡು, ಹಿಂದಿನ ಕೋಣೆ ಸೇರಿಕೊಂಡರೆ ಅವನ ನಿಜವಾದ ಕೆಲಸ ಶುರು. ಅವನು ಹಿಪ್‌ಹಾಪ್ ಹಾಡಿಗೆ ಬೀಟ್ ಮಾಡುವವನು. ಹಿಪ್‌ಹಾಪ್ ಅಂದರೆ ರಾಗ ಎಳೆಯದೆ, ಮಾತನ್ನೇ ತಾಳಕ್ಕೆ ಕೂರಿಸಿ ಹೇಳುವ ಹಾಡು. ಮಾತು ಹೇಳುವವರು ರಾಪರ್. ಆ ಮಾತಿನ ಕೆಳಗೆ ನೆಲದ ಹಾಗೆ ಹಾಸಿರುವ ತಾಳವೇ ಬೀಟ್. ಅದನ್ನು ಮಾಡುವವನಿಗೆ ಪ್ರೊಡ್ಯೂಸರ್ ಅನ್ನುತ್ತಾರೆ. ಹಿಂದೊಮ್ಮೆ ನನ್ನ ತವರಿನವರಿಗೆ "ನಮ್ಮ ಮೈದುನ ಪ್ರೊಡ್ಯೂಸರ್" ಅಂದುಬಿಟ್ಟೆ. ಸಿನಿಮಾ ತೆಗೆಯುವ ಸಾಹುಕಾರ ಅಂದುಕೊಂಡು, ಹೆಣ್ಣು ಕೊಡುತ್ತೇವೆ ಅಂತ ಓಡಿ ಬಂದರು. ಬಂದು ಬ್ರೆಡ್ ವ್ಯಾನ್ ನೋಡಿ, ಒಂದು ಪೌಂಡ್ ಬ್ರೆಡ್ ಇಸಿದುಕೊಂಡು ಹೋದರು. ಅಲ್ಲಿಗೆ ಅವನ ಮದುವೆ ಮಾತು ಮುಗಿಯಿತು.

ನಮ್ಮದು ಚಪ್ಪಲಿ ಅಂಗಡಿಯ ಮೇಲಿನ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್. ನಾನು ಹೊಸ ಬಟ್ಟೆ ಹೊಲಿಯುವುದಿಲ್ಲ. ಇದ್ದದ್ದನ್ನು ಸರಿಮಾಡುತ್ತೇನೆ. ಉದ್ದದ್ದು ಮಡಚಬೇಕು, ಬಿಗಿಯಾದ್ದು ಬಿಡಬೇಕು, ಜಿಪ್ ಬದಲಿಸಬೇಕು. ಯಜಮಾನರು ಹೋದ ಮೇಲೆ ಇದೇ ನನ್ನ ಆಸರೆ. ಹಿಂದಿನ ಕೋಣೆ ಡಬ್ಬಿಯದು. ಸದ್ದು ಹೊರಗೆ ಹೋಗದಿರಲಿ ಅಂತ ಗೋಡೆಗೆಲ್ಲ ಹಳೇ ಕಂಬಳಿ, ಮೊಟ್ಟೆ ಇಡುವ ರಟ್ಟಿನ ಟ್ರೇ ಬಡಿದಿದ್ದಾನೆ. ಮೇಜಿನ ಮೇಲೆ ಒಂದು ಪೆಟ್ಟಿಗೆ. ಅದರ ಮೈಮೇಲೆ ರಬ್ಬರಿನ ಚೌಕಗಳು. ಯಾವುದೋ ಹಳೇ ಗ್ರಾಮಫೋನ್ ತಟ್ಟೆಯಿಂದ ಒಂದು ಚೂರು ಸದ್ದು ಕತ್ತರಿಸಿ ಒಂದು ಚೌಕಕ್ಕೆ, ಬಾಗಿಲು ಬಡಿದ ಸದ್ದು ಹಿಡಿದು ಇನ್ನೊಂದಕ್ಕೆ, ಹೀಗೆ ತುಂಬುತ್ತಾನೆ. ಆಮೇಲೆ ಬೆರಳಲ್ಲಿ ತಟ್ಟಿ ತಟ್ಟಿ ಚೂರಿಗೆ ಚೂರು ಸೇರಿಸುತ್ತಾನೆ. ನಾನು ಬಟ್ಟೆಗೆ ತೇಪೆ ಹಾಕುತ್ತೇನೆ, ಅವನು ಸದ್ದಿಗೆ ತೇಪೆ ಹಾಕುತ್ತಾನೆ. ಇಷ್ಟೇ ವ್ಯತ್ಯಾಸ: ನನ್ನ ತೇಪೆ ಕಾಣಬಾರದು, ಅವನದು ಎದ್ದು ಕಾಣಬೇಕು.

ಅವನ ಹರೆಯದಲ್ಲಿ ಒಂದು ಹಾಡು ಬಂತು. ಹೆಸರು "ಶಟರ್". ಕೆಳಗಿನ ಚಪ್ಪಲಿ ಅಂಗಡಿಯ ಕಬ್ಬಿಣದ ಬಾಗಿಲನ್ನು ಎಳೆಯುವ ಸದ್ದು ಹಿಡಿದು ಮಾಡಿದ ಬೀಟ್ ಅದು. ಮಾತು ಹೇಳಿದವನು ಅವನ ಗೆಳೆಯ. ಅವನ ಗಂಟಲು ಅಷ್ಟು ದೊಡ್ಡದು ಅಂತ ಎಲ್ಲರೂ ಅವನನ್ನು ಗಂಟಲು ಅಂತಲೇ ಕರೆಯುತ್ತಿದ್ದರು. ಆ ವರ್ಷ ಆಟೋದಲ್ಲಿ, ಕ್ಷೌರದಂಗಡಿಯಲ್ಲಿ, ಮಕ್ಕಳ ಬಾಯಲ್ಲಿ, ಎಲ್ಲಿ ನೋಡಿದರೂ ಶಟರ್. ಚಪ್ಪಲಿ ಅಂಗಡಿಯಣ್ಣ ಮಾತ್ರ ತಲೆ ಚಚ್ಚಿಕೊಂಡ. "ಅಕ್ಕಾ, ನಾನು ಬಾಗಿಲು ಎಳೆದರೆ ಸಾಕು, ಬೀದಿ ಹುಡುಗರೆಲ್ಲ ಕುಣಿಯೋಕೆ ಬರ್ತವೆ. ಚಪ್ಪಲಿ ಕೊಳ್ಳೋಕೆ ಒಬ್ಬನೂ ಬರಲ್ಲ!"

ಆಮೇಲೆ ಗಂಟಲು ಟೈಲ್ಸ್ ಅಂಗಡಿ ಇಟ್ಟ, ಹೊಟ್ಟೆ ಬೆಳೆಸಿದ, ಹಾಡು ಬಿಟ್ಟ. ಡಬ್ಬಿ ಬಿಡಲಿಲ್ಲ. ಮಾಡುತ್ತಲೇ ಇದ್ದ. ಕೆಲವನ್ನು ಜನ ಕೇಳಿದರು, ಕೆಲವನ್ನು ಕೇಳಲಿಲ್ಲ. ಈಚೆಗೆ ಒಂದೆರಡು ವರ್ಷದಿಂದ ಅವನು ಹೊರಗೆ ಬಿಟ್ಟ ಬೀಟುಗಳ ಮೇಲೆ ಯಾರೊಬ್ಬರೂ ಮಾತು ಕೂರಿಸಲಿಲ್ಲ. ಬದಲಿಗೆ ಒಂದು ಪ್ರಶ್ನೆ ಹುಟ್ಟಿಕೊಂಡಿತು: ಡಬ್ಬಿಯ ಕೈ ಮೊದಲಿನ ಹಾಗಿದೆಯಾ? ಬಟ್ಟೆ ಕೊಡಲು ಬಂದವರೂ ಕೇಳುತ್ತಾರೆ, ಮೆಟ್ಟಿಲಲ್ಲಿ ಸಿಕ್ಕವರೂ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಇನ್ನು ಕೇಳುವವರು ಇದನ್ನು ಓದಿಕೊಳ್ಳಲಿ.

ಒಂದು ದಿನ ಮಧ್ಯಾಹ್ನ, ಪ್ಯಾಂಟು ಬಿಗಿಯಾಗಿದೆ ಅಂತ ಬಿಡಿಸಿಕೊಳ್ಳಲು ಬಂದ ಗಿರಾಕಿಯೊಬ್ಬ ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಯಾವುದೋ ಚರ್ಚೆ ನೋಡುತ್ತಿದ್ದ. ಹಳೇ ಪ್ರೊಡ್ಯೂಸರುಗಳು ಈಗಲೂ ಮೊದಲಿನಂಥ ಬೀಟ್ ಮಾಡುತ್ತಾರಾ ಅಂತ ಚರ್ಚೆ. ಅದರಲ್ಲೊಂದು ಹೆಣ್ಣುದನಿ, ಸೂಜಿಯ ಹಾಗೆ: "ಡಬ್ಬಿ ತಾತಂದು ಕೇಳಿದ್ದೀರಾ? ಕಿವಿಗೆ ಮೊಳೆ ಹೊಡೆದ ಹಾಗಿದೆ. ಮುದುಕರಿಗೆ ಪಿಂಚಣಿ ಕೊಡಿ, ಪೆಟ್ಟಿಗೆ ಕೊಡಬೇಡಿ. ಡಬ್ಬಿ ಈಗ ಪೂರ್ತಿ ಡಬ್ಬಾ!"

ಅವಳು ಯಾರು ಅಂತ ಎಲ್ಲರಿಗೂ ಗೊತ್ತು. ಸರ್ಕಲ್ ಪಕ್ಕದ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹುಡುಗಿ. ಸಂಜೆ ಹೊತ್ತು ರಾಪ್ ಹೇಳುತ್ತಾಳೆ. ಬಾಯಿಗೆ ತಕ್ಕ ಹೆಸರು, ಮೆಣಸಿನಕಾಯಿ.

ಗಿರಾಕಿ ನನ್ನ ಮುಖ ನೋಡಿ ಫೋನು ಆರಿಸಿದ. "ತಪ್ಪು ತಿಳ್ಕೋಬೇಡಿ ಅಜ್ಜಿ. ಆದ್ರೂ ಮೊದಲಿನ ಹಾಗಿಲ್ಲ ಬಿಡಿ."

"ನಿನ್ನ ಸೊಂಟ ಮೊದಲಿನ ಹಾಗಿದೆಯೇನಪ್ಪಾ?" ಅಂದೆ. "ಹೋದ ವರ್ಷ ಇದೇ ಪ್ಯಾಂಟನ್ನು ಸಡಿಲ ಮಾಡಿಕೊಟ್ಟಿದ್ದೆ. ಈಗ ತಿರುಗಿ ಬಂದಿದ್ದೀಯ. ನಾನೇನಾದರೂ ಚರ್ಚೆ ಇಟ್ಟೆನಾ?"

ಹಿಂದಿನ ಕೋಣೆಯಿಂದ ಡಬ್ಬಿ ನಗುವುದು ಕೇಳಿಸಿತು. ಆದರೆ ನನಗೆ ನಗು ಬರಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಹುಡುಗಿ ಹೇಳಿದ್ದರಲ್ಲಿ ನಿಜವಿತ್ತು. ಅವನ ಹೊಸ ಬೀಟುಗಳಲ್ಲಿ ಮೇಲುಗಡೆ ಒಂದು ಕಿರಿಕಿರಿ. ಚುಯ್ ಚುಯ್ ಅಂತ, ಪಾತ್ರೆಗೆ ಬೂದಿ ಹಾಕಿ ಉಜ್ಜಿದ ಹಾಗೆ. ಕೇಳಿದರೆ ನನಗೆ ಹಲ್ಲು ಜುಮ್ಮೆನ್ನುತ್ತಿತ್ತು. ಇದೇ ಈಗಿನ ಫ್ಯಾಷನ್ನೇನೋ ಅಂದುಕೊಂಡು ಸುಮ್ಮನಿದ್ದೆ.

ಅದೇ ವಾರ ಗಂಟಲು ಮನೆಗೆ ಬಂದ. ಎರಡು ವಾರ ಬಿಟ್ಟು ಬರುವ ಭಾನುವಾರ ಹಳೇ ಗೋದಾಮಿನಲ್ಲಿ ಬೀಟ್ ಸ್ಪರ್ಧೆ ಇತ್ತು. ಇಬ್ಬಿಬ್ಬರು ಎದುರಾಗಿ ನಿಂತು ಒಬ್ಬರಾದ ಮೇಲೊಬ್ಬರು ತಮ್ಮ ಬೀಟ್ ಕೇಳಿಸುತ್ತಾರೆ, ಜನ ಕೈ ಎತ್ತಿ ಗೆದ್ದವರನ್ನು ಆರಿಸುತ್ತಾರೆ. ಅದಕ್ಕೂ ಮುಂಚೆ ಹಳಬರನ್ನು ಕರೆದು, ಹಳೇ ಹಾಡು ಹಾಕಿಸಿ, ಒಂದು ಫಲಕ ಕೊಡುತ್ತಾರಂತೆ.

"ಶಟರ್ ಹಾಕೋಣ. ನಾನು ಎರಡು ಸಾಲು ಹೇಳ್ತೀನಿ. ಜನ ಕುಣೀತಾರೆ, ಫಲಕ ತಗೊಂಡು ಮರ್ಯಾದೆಯಾಗಿ ಇಳಿಯೋಣ" ಅಂದ ಗಂಟಲು.

"ಫಲಕ ಸತ್ತವರಿಗೆ ಹಾಕೋದು" ಅಂದ ಡಬ್ಬಿ. "ನನ್ನ ಹೆಸರು ಸ್ಪರ್ಧೆಗೆ ಕೊಡು. ಹೊಸದನ್ನ ಹಾಕ್ತೀನಿ."

"ಹೊಸದನ್ನಾ? ಅತ್ತಿಗೆ, ಇವನಿಗೆ ನೀವಾದರೂ ಬುದ್ಧಿ ಹೇಳಿ. ಬೀದೀಲಿ ಇವನನ್ನ ಏನಂತಾರೆ ಗೊತ್ತಾ?"

"ಡಬ್ಬಾ ಅಂತಾರೆ. ನನಗೂ ಕೇಳಿಸ್ತು" ಅಂದ ಡಬ್ಬಿ. ಆಮೇಲೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು, ನಮ್ಮಿಬ್ಬರಿಗೂ ಕೇಳುವ ಹಾಗೆ ನಿಧಾನವಾಗಿ ಹೇಳಿದ: "ಬೀಟ್ ಚೆನ್ನಾಗಿದೆಯೋ ಇಲ್ವೋ ಅಂತ ಚಪ್ಪಾಳೆ ಹೇಳಲ್ಲ, ಕೈ ಎತ್ತೋರೂ ಹೇಳಲ್ಲ. ಅದನ್ನ ಕೇಳಿ ಯಾರಿಗಾದರೂ ಬಾಯಿ ತೆರೆಯದೆ ಇರೋಕೆ ಆಗಬಾರದು. ಅಷ್ಟೇ ಪರೀಕ್ಷೆ. ಅವತ್ತು ಅಲ್ಲಿ ಒಬ್ಬರೂ ಬಾಯಿ ತೆರೆಯದಿದ್ದರೆ, ಈ ಪೆಟ್ಟಿಗೆ ಮುಚ್ಚಿ ಗುಜರಿಗೆ ಹಾಕಿ ಬರ್ತೀನಿ. ಮತ್ತೆ ಮುಟ್ಟಲ್ಲ."

ಅವನು ಮಾತು ಕೊಟ್ಟರೆ ತಪ್ಪುವವನಲ್ಲ. ಸಿಗರೇಟು ಬಿಡುತ್ತೇನೆ ಅಂತ ಅಣ್ಣನಿಗೆ ಒಂದು ಸಲ ಹೇಳಿದ. ಬಿಟ್ಟೇಬಿಟ್ಟ. ಅವನ ಕೈಯಿಂದ ಆ ಪೆಟ್ಟಿಗೆ ತೆಗೆದರೆ ಉಳಿಯುವುದು ಒಬ್ಬ ವ್ಯಾನ್ ಡ್ರೈವರ್. ಅದೇನು ಕಡಿಮೆಯಲ್ಲ. ಆದರೆ ಅವನು ಡಬ್ಬಿಯಲ್ಲ.

ಮಾರನೆಯ ದಿನ ನಾನು ಮಿಷನ್ನಿನಲ್ಲಿ ಜಿಪ್ ಕೂರಿಸುತ್ತಿದ್ದೆ. ಡಬ್ಬಿ ಒಲೆಯ ಪಕ್ಕದಲ್ಲೇ ನಿಂತು ವೈರು ಸುತ್ತುತ್ತಿದ್ದ. ಚಹಾಕ್ಕೆ ನೀರಿಟ್ಟಿದ್ದ. ನಮ್ಮ ಕೆಟಲ್ಲಿಗೆ ಸೀಟಿ ಇದೆ, ನೀರು ಕುದಿದರೆ ಕೂಗುತ್ತದೆ. ಕೂಗಿತು. ಡಬ್ಬಿ ಅಲುಗಲಿಲ್ಲ. ಕೂಗು ಜೋರಾಯಿತು, ಮೂತಿಯಿಂದ ಹಬೆ ಕಾರಂಜಿಯ ಹಾಗೆ ಬರುತ್ತಿದೆ, ಕೆಳಗಿನಿಂದ ಚಪ್ಪಲಿಯಣ್ಣ "ಅಕ್ಕಾ, ಕೆಟಲ್ ಅರಚಿಕೊಳ್ತಿದೆ!" ಅಂತ ಕೂಗಿದ. ಚಪ್ಪಲಿಯಣ್ಣನ ದನಿ ಡಬ್ಬಿಗೆ ಕೇಳಿಸಿತು, ತಿರುಗಿ ನೋಡಿದ. ಕೆಟಲ್ಲಿನ ದನಿ ಕೇಳಿಸಿರಲಿಲ್ಲ.

ನಾನು ಆತುರದವಳಲ್ಲ. ಬಟ್ಟೆಯನ್ನು ಒಮ್ಮೆ ಕತ್ತರಿಸಿದರೆ ತಿರುಗಿ ಕೂಡಿಸಲಾಗದು, ಎರಡು ಸಲ ಅಳೆಯುವುದೇ ನನ್ನ ಅಭ್ಯಾಸ. ಒಂದೆರಡು ದಿನ ಸುಮ್ಮನೆ ನೋಡಿದೆ. ಮಿಷನ್ನಿನ ಚಕ್ರಕ್ಕೆ ಎಣ್ಣೆ ಹಾಕದೆ ಬಿಟ್ಟೆ. ಅದು ಕೀಂ ಕೀಂ ಅಂದಿತು. ಮೊದಲಾಗಿದ್ದರೆ "ಅತ್ತಿಗೆ, ಅದರ ಬಾಯಿ ಮುಚ್ಚಿಸಿ" ಅಂತ ಎಣ್ಣೆಯ ಡಬ್ಬಿ ತಂದುಕೊಡುತ್ತಿದ್ದ. ಈಗ ಪಕ್ಕದಲ್ಲೇ ಕೂತು ಪೇಪರ್ ಓದಿದ. ಕೊನೆಗೆ ಅಕ್ಕಿ ಡಬ್ಬಿ ಅರ್ಧ ತುಂಬಿಸಿ ತಂದು ಅವನ ಮುಂದಿಟ್ಟೆ.

"ಬಡಿ" ಅಂದೆ.

"ಏನತ್ತಿಗೆ, ಮಕ್ಕಳಾಟ?"

"ಬಡಿಯೋ."

ಬಡಿದ. ದೊಬ್ ಅಂದಿತು. "ಆಮೇಲೆ ಏನು ಕೇಳಿಸ್ತು?" ಅಂದೆ.

"ಆಮೇಲೆ ಏನಿದೆ?"

ಆಮೇಲೆ "ಸ್ಸ್" ಇತ್ತು. ನನಗೆ ಸ್ಪಷ್ಟವಾಗಿ ಕೇಳಿಸಿತು. ಅವನು ನನ್ನ ಮುಖವನ್ನೇ ನೋಡಿದ. ತಿರುಗಿ ಬಡಿದ. ಡಬ್ಬಿಯನ್ನು ಕಿವಿಗೆ ಒತ್ತಿಕೊಂಡು ಅಲ್ಲಾಡಿಸಿದ. ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿಕೊಂಡ.

ಹೊರಗೆ ಬಂದಾಗ ಮುಖ ಕೆಂಪಾಗಿತ್ತು. "ನನ್ನ ಕಿವಿ ಪರೀಕ್ಷೆ ಮಾಡೋಕೆ ನೀವೇನು ಡಾಕ್ಟರಾ?" ಅಂತ ರೇಗಿದ.

"ಅಲ್ಲ. ಡಾಕ್ಟರ ಹತ್ತಿರ ಹೋಗು."

"ಹೋಗಲ್ಲ."

"ಸರಿ. ಹೋಗಬೇಡ. ಕೆಟಲ್ ಸುಟ್ಟು ಹೋಗಲಿ, ಹೊಸದು ತರೋಣ."

ಹೋದ. ಕಿವಿ ಡಾಕ್ಟರಮ್ಮ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಒಂದೊಂದೇ ಸದ್ದು ಕೇಳಿಸಿದರಂತೆ. ಕೆಳಗಿನ ಸದ್ದು, ನಡುವಿನ ಸದ್ದು ಚೆನ್ನಾಗಿಯೇ ಕೇಳುತ್ತದೆ. ಸಣ್ಣ ಕೀರಲು ಸದ್ದು ಹೋಗಿದೆ, ತಿರುಗಿ ಬರುವುದಿಲ್ಲ. ವಯಸ್ಸು ಸ್ವಲ್ಪ, ಇಷ್ಟು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದು ಸ್ವಲ್ಪ. ಕಿವಿಗೆ ಇಡುವ ಯಂತ್ರ ಬರೆದುಕೊಟ್ಟರು. ಅದನ್ನು ಹಾಕಿಕೊಂಡರೆ ಮಾತು ಚೆನ್ನಾಗಿ ಕೇಳುತ್ತದೆ, ಸಂಗೀತ ಮಾತ್ರ ತಗಡಿನ ಹಾಗೆ ಕೇಳುತ್ತದೆ ಅಂದ. ಅಂಗಡಿಗೆ ಹೋಗುವಾಗ ಹಾಕಿಕೊಳ್ಳುತ್ತಾನೆ, ಬೀಟ್ ಮಾಡುವಾಗ ತೆಗೆದಿಡುತ್ತಾನೆ.

ಆಗ ನಮ್ಮಿಬ್ಬರಿಗೂ ಅರ್ಥವಾಯಿತು. ಬೀಟಿನಲ್ಲಿ ಮೇಲುಗಡೆ ಒಂದು ಟಿಕ್ ಟಿಕ್ ಇರುತ್ತದೆ. ಗಡಿಯಾರದ ಮುಳ್ಳಿನ ಹಾಗೆ ತಾಳ ತೋರಿಸುವ ಸದ್ದು. ಅದು ಅವನಿಗೆ ಕೇಳಿಸುತ್ತಿರಲಿಲ್ಲ. ಕೇಳಿಸುವವರೆಗೂ ತಿರುಪು ತಿರುಗಿಸಿ ತಿರುಗಿಸಿ ಏರಿಸುತ್ತಿದ್ದ. ಅವನಿಗೆ ಹದವಾಗುವಷ್ಟರಲ್ಲಿ ಊರಿಗೆಲ್ಲ ಮೊಳೆ ಹೊಡೆದ ಹಾಗಾಗುತ್ತಿತ್ತು. ನಾಲಿಗೆ ಕೆಟ್ಟವರು ಅಡುಗೆಗೆ ಉಪ್ಪು ಸಾಲಲಿಲ್ಲ ಅಂತ ಹಿಡಿ ತುಂಬ ಹಾಕಿದ ಹಾಗೆ. ಕೈ ಕೆಟ್ಟಿರಲಿಲ್ಲ. ಆದರೆ ಬೀಟುಗಳು ಕೆಟ್ಟಿದ್ದವು. ಎರಡೂ ನಿಜ.

ವಿಷಯ ತಿಳಿದು ಗಂಟಲು ಓಡಿ ಬಂದ. ಟೈಲ್ಸ್ ಅಂಗಡಿಯ ಧೂಳು ಇನ್ನೂ ಪ್ಯಾಂಟಿನ ಮೇಲಿತ್ತು. "ನೋಡಿದೆಯಾ? ನಾನು ಹೇಳಿದ್ದೇ ಸರಿ. ಶಟರ್ ಮಾಡಿದಾಗ ನಿನ್ನ ಕಿವಿ ಸರಿಯಿತ್ತು. ಅದನ್ನ ಹಾಕು, ಮುಗಿಸು. ಇನ್ನು ಕೇಳಿಸದ ಕಿವಿ ಇಟ್ಕೊಂಡು ಯಾರ ಮುಂದೆ ಹೋಗ್ತೀಯ?"

"ಟೈಲ್ಸ್ ಮೇಲೆ ಜಾರಿ ಬಿದ್ದವರೆಲ್ಲ ನಡೆಯೋದು ಬಿಟ್ಟಿದ್ದಾರಾ?" ಅಂದ ಡಬ್ಬಿ.

"ನನಗೂ ಒಂದೇ ಒಂದು ಸಲ ಸ್ಟೇಜ್ ಹತ್ತಬೇಕು ಅಂತ ಆಸೆ ಇಲ್ವೇನೋ?" ಅಂದ ಗಂಟಲು. ಅಷ್ಟು ದೊಡ್ಡ ದನಿ ಅದೊಂದು ಮಾತಿಗೆ ಸಣ್ಣದಾಯಿತು.

"ಇದ್ದರೆ ಹತ್ತು. ಹೊಸ ಮಾತು ಬರಿ, ಬಾ. ಹಳೇದನ್ನ ಮಾತ್ರ ನಾನು ಹಾಕಲ್ಲ. ಅದು ಮುಗಿದ ಕೆಲಸ ಕಣೋ. ಚೆನ್ನಾಗಾಯ್ತು, ಮುಗೀತು. ಉಂಡ ತಟ್ಟೆ ತೋರಿಸಿ ಊಟ ಆಯ್ತು ಅಂತ ಎಷ್ಟು ದಿನ ಹೇಳಲಿ?"

ಗಂಟಲು ಹೋದ ಮೇಲೆ ನಾನೊಂದು ಮಾತು ಹೇಳಿದೆ. "ನನ್ನ ಕಿವಿ ಸರಿಯಾಗಿದೆ. ಮೇಲಿನ ಸದ್ದು ಎಷ್ಟಿರಬೇಕು ಅಂತ ನಾನು ಪಕ್ಕದಲ್ಲಿ ಕೂತು ಹೇಳ್ತೀನಿ."

ಅವನು ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡ. "ಬೇಡ ಅತ್ತಿಗೆ. ಬೇಜಾರು ಮಾಡ್ಕೋಬೇಡಿ. ನಿಮ್ಮ ಕಿವಿ ಹಾಕ್ಕೊಂಡು ಮಾಡಿದರೆ ಅದು ನಿಮ್ಮ ಬೀಟ್ ಆಗತ್ತೆ. ನನಗೆ ಕೇಳಿಸೋದೆಷ್ಟೋ ಅಷ್ಟರಲ್ಲೇ ಮಾಡ್ತೀನಿ. ಕೇಳಿಸದ್ದನ್ನ ಹಾಕೋದೇ ಇಲ್ಲ."

"ಟಿಕ್ ಟಿಕ್ ಇಲ್ಲದೆ ತಾಳ ಹೇಗೆ ಗೊತ್ತಾಗತ್ತೆ?"

"ನನಗೆ ಗೊತ್ತಾಗತ್ತಲ್ಲ. ಅವರಿಗೂ ಗೊತ್ತು ಮಾಡಿಸ್ತೀನಿ."

ಮಾರನೆಯ ದಿನದಿಂದ ಮನೆಯಲ್ಲಿ ಸದ್ದಿನ ಬೇಟೆ. ಬ್ರೆಡ್ ವ್ಯಾನಿನ ಹಿಂಬಾಗಿಲು ಮುಚ್ಚುವ ಸದ್ದು ಹಿಡಿದ. ಖಾಲಿ ಬ್ರೆಡ್ ಟ್ರೇ ಒಂದರ ಮೇಲೊಂದು ಕೂರುವ ಸದ್ದು ಹಿಡಿದ. ಚಪ್ಪಲಿಯಣ್ಣ ಅಟ್ಟೆಯ ಮೇಲೆ ಸುತ್ತಿಗೆ ಹೊಡೆಯುವುದನ್ನು ಹಿಡಿಯಲು ಹೋಗಿ ಅವನ ಕೈಯಲ್ಲಿ ಬೈಸಿಕೊಂಡ. "ನಿನ್ನ ಹಾಡಿಗೆ ಒಂದು ಸಲ ಬಾಗಿಲು ಕೊಟ್ಟೆ, ವ್ಯಾಪಾರ ಹೋಯ್ತು. ಈಗ ಸುತ್ತಿಗೇನೂ ಬೇಕಾ?" ಅಂದ. ಬೈದರೂ ಬೇಕಂತಲೇ ನಾಲ್ಕೇಟು ಜೋರಾಗಿ ಹೊಡೆದ. ನನ್ನ ಕತ್ತರಿಯ ಸದ್ದೂ ಬೇಕು ಅಂತ ಬಂದ. ಕತ್ತರಿಸಿ ತೋರಿಸಿದೆ. ಕಿಚ್ ಕಿಚ್. ತಲೆಯಾಡಿಸಿದ, ಅದು ಅವನಿಗೆ ಕೇಳುವುದಿಲ್ಲ. ಬೇಸರಕ್ಕೆ ಕತ್ತರಿಯನ್ನು ಮರದ ಮೇಜಿನ ಮೇಲೆ ಕುಕ್ಕಿದೆ. ದಡ್ ಅಂದಿತು. "ಅದು! ಅದು ಕೊಡಿ!" ಅಂತ ಕುಣಿದ. ಎಷ್ಟು ಸಲ ಕುಕ್ಕಿಸಿದನೋ, ಮೇಜಿನಲ್ಲಿ ಹಳ್ಳ ಬಿದ್ದಿದೆ. ಈಗಲೂ ಇದೆ, ಬೇಕಾದವರು ಬಂದು ನೋಡಬಹುದು.

ಕೆಲಸಕ್ಕೆ ಕೂರುವ ರೀತಿಯನ್ನೂ ಬದಲಿಸಿದ. ಹೆಡ್‌ಫೋನ್ ಬಿಟ್ಟ. ಸ್ಪೀಕರಿನ ಪೆಟ್ಟಿಗೆಯನ್ನು ನೆಲಕ್ಕಿಳಿಸಿ, ಅದಕ್ಕೆ ಎರಡೂ ಬರಿಗಾಲು ಒತ್ತಿ ಕೂತ. ಅಂಗಾಲಲ್ಲಿ ಕೇಳುತ್ತಿದ್ದ. ಒಂದು ಮಧ್ಯಾಹ್ನ ಪೂರ್ತಿ ಒಂದೇ ಒಂದು ದಡ್ ಅನ್ನು ಕೂದಲೆಳೆಯಷ್ಟು ಹಿಂದಕ್ಕೆ, ಕೂದಲೆಳೆಯಷ್ಟು ಮುಂದಕ್ಕೆ ಸರಿಸಿದ. ನನಗೆ ವ್ಯತ್ಯಾಸವೇ ತಿಳಿಯಲಿಲ್ಲ. ಸಂಜೆ ಹೊತ್ತಿಗೆ ನಾನು ಕಾಲಲ್ಲಿ ಮಿಷನ್ ತುಳಿಯುತ್ತಿರುವಾಗ, ನನಗೇ ಗೊತ್ತಿಲ್ಲದೆ ಅವನ ತಾಳಕ್ಕೆ ತುಳಿಯುತ್ತಿದ್ದೆ. ಹೊಲಿಗೆ ವಾರೆಯಾಯಿತು. ಬಿಚ್ಚಿ ಹೊಲಿಯಬೇಕಾಯಿತು.

ಆದರೂ ಆ ಬೀಟಿನಲ್ಲಿ ಏನೋ ಕಡಿಮೆಯಿತ್ತು. ಮೇಲುಗಡೆ ಖಾಲಿ. ಚಾವಣಿ ಹಾಕದ ಮನೆಯ ಹಾಗೆ. ಅವನಿಗೆ ಹೇಳಿದೆ. "ಗೊತ್ತು" ಅಂದ. ಅಷ್ಟೇ.

ಆ ಭಾನುವಾರ ಗೋದಾಮಿಗೆ ನಾವು ಮೂವರೂ ಹೋದೆವು. ಗಂಟಲು ಮುನಿಸಿಕೊಂಡಿದ್ದರೂ ಕಾರು ತಂದಿದ್ದ. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಹುಡುಗರು, ಹುಡುಗಿಯರು. ನನ್ನ ವಯಸ್ಸಿನವಳು ನಾನೊಬ್ಬಳೇ. ಯಾರೋ ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು. ಮೊದಲು ಹಳಬರ ಸರದಿ. ಇಬ್ಬರು ತಮ್ಮ ಹಳೇ ಹಾಡು ಹಾಕಿದರು, ಜನ ಕುಣಿದರು, ಫಲಕ ಕೊಟ್ಟರು, ಫೋಟೋ ತೆಗೆದರು. ಮುಗಿಯಿತು. ಅವರ ಕಡೆ ಆಮೇಲೆ ಯಾರೂ ತಿರುಗಿ ನೋಡಲಿಲ್ಲ. ಫಲಕವನ್ನು ಎಲ್ಲಿಡಬೇಕು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರನ್ನು ನೋಡಿದ ಮೇಲೆ, ಡಬ್ಬಿ ಯಾಕೆ ಹಟ ಹಿಡಿದ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಸ್ಪರ್ಧೆ ಶುರುವಾಯಿತು. ಡಬ್ಬಿಯ ಎದುರಾಳಿ ಬಣ್ಣದ ಕನ್ನಡಕದ ಹುಡುಗ. ಅವನ ಬೀಟ್ ಹೊಳೆಯುತ್ತಿತ್ತು, ಚೂರು ಚೂರು ಗಾಜು ಸುರಿದ ಹಾಗೆ. ನಿಜವಾಗಿಯೂ ಚೆನ್ನಾಗಿತ್ತು. ಗೋದಾಮು ಎದ್ದು ಕುಣಿಯಿತು.

ಡಬ್ಬಿ ಮೆಟ್ಟಿಲು ಹತ್ತಿದ್ದೇ ತಡ, "ಶಟರ್! ಶಟರ್!" ಅಂತ ಕೂಗು. ನಿರೂಪಕ ಮೈಕಿನಲ್ಲಿ ನಕ್ಕ. "ಅಂಕಲ್, ಜನ ಏನು ಕೇಳ್ತಿದ್ದಾರೆ ಕೇಳಿಸ್ತಾ?"

"ಅದು ಕೇಳಿಸ್ತು" ಅಂದ ಡಬ್ಬಿ. "ಅದು ಮನೇಲಿ ಎಲ್ಲರ ಹತ್ರ ಇದೆಯಲ್ಲಪ್ಪಾ. ಹೋಗಿ ಹಾಕ್ಕೊಳ್ಳಿ. ಇದು ಯಾರ ಹತ್ರಾನೂ ಇಲ್ಲ."

ಚೌಕ ಒತ್ತಿದ. ವ್ಯಾನಿನ ಬಾಗಿಲು. ಟ್ರೇ. ಸುತ್ತಿಗೆ. ನನ್ನ ಕತ್ತರಿ ಮೇಜಿಗೆ ಬಿದ್ದ ದಡ್. ನೆಲ ನಡುಗಿತು, ನನ್ನ ಕುರ್ಚಿಯ ಕಾಲಿನಿಂದ ಬೆನ್ನಿಗೆ ಬಂತು. ಆದರೆ ಜನ ಸುಮ್ಮನೆ ನಿಂತರು. ಏನೋ ಬರುತ್ತದೆ ಅಂತ ಕಾಯುತ್ತಿದ್ದರು. ಆ ಟಿಕ್ ಟಿಕ್ ಬರಲಿಲ್ಲ. ಒಬ್ಬ ಕೂಗಿದ: "ತಾತಾ, ಅರ್ಧ ಮನೇಲೇ ಬಿಟ್ಟು ಬಂದ್ಯಾ?" ಗೋದಾಮೆಲ್ಲ ನಗು. ಡಬ್ಬಿ ತಲೆಯೆತ್ತಲಿಲ್ಲ. ಒಂದು ಕಾಲಿನ ಚಪ್ಪಲಿ ಬಿಟ್ಟು ಬರಿಗಾಲನ್ನು ಸ್ಪೀಕರಿಗೆ ಒತ್ತಿ ನಿಂತಿದ್ದ. ಗಂಟಲು ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ, "ಹೋಯ್ತು ಅತ್ತಿಗೆ, ಹೋಯ್ತು" ಅಂದ. ನನ್ನ ಕಣ್ಣ ಮುಂದೆ ಗುಜರಿ ಅಂಗಡಿಯ ತಕ್ಕಡಿ ಬಂದು ನಿಂತಿತು.

ಆಗ ಆ ಮೆಣಸಿನಕಾಯಿ ಮುಂದಿನ ಸಾಲಿನಿಂದ ಸ್ಟೇಜಿಗೆ ಹಾರಿದಳು. ಮುಂಗೈಯಲ್ಲಿ ಇಸ್ತ್ರಿಪೆಟ್ಟಿಗೆಯ ಸುಟ್ಟ ಗೆರೆ. ನಿರೂಪಕನ ಕೈಯಿಂದ ಮೈಕ್ ಕಿತ್ತುಕೊಂಡಳು. ಮುದುಕನನ್ನು ಎಲ್ಲರ ಮುಂದೆ ಬೈದು ಇಳಿಸುವುದೇ ಅವಳ ಉದ್ದೇಶ, ಮುಖದಲ್ಲೇ ಬರೆದಿತ್ತು.

"ಚಪ್ಪಲಿ ಸವೆದ್ರೂ ಚಪಲ ಸವೆದಿಲ್ಲ,
ಚಿಕ್ಕವ್ರ ಜಗಳಕ್ಕೆ ಈ ತಾತ ಸರಿಯಲ್ಲ!
ಕಿಸೆ ತುಂಬ ಹಳೇ ಕೀರ್ತಿ, ಕಿವಿ ತುಂಬ ಹತ್ತಿ,
ಕತ್ತಲಾಯ್ತು ಮನೆಗೆ ಹೋಗೋ, ಕೆಟ್ಟು ಹೋದ ಬತ್ತಿ!"

ಬೈದಳು. ಆದರೆ ಏನಾಯಿತು ಗೊತ್ತೇ? ಅವಳ ಚಕಾರ, ಸಕಾರ, ತಕಾರಗಳೆಲ್ಲ ಹೋಗಿ ಆ ಖಾಲಿ ಜಾಗದಲ್ಲಿ ಒಂದೊಂದಾಗಿ ಕೂತವು. ಚ್ ಚ್, ಸ್ಸ್, ತ್ ತ್. ಇಲ್ಲದಿದ್ದ ಟಿಕ್ ಟಿಕ್ ಅವಳ ಬಾಯಿಂದ ಬಂತು. ಚಾವಣಿಯಿಲ್ಲದ ಮನೆಗೆ ಚಾವಣಿ ಬಂತು. ಕೆಳಗೆ ದಡ್, ಮೇಲೆ ಇವಳು. ಡಬ್ಬಿ ಆ ಜಾಗವನ್ನು ಯಾಕೆ ಖಾಲಿ ಬಿಟ್ಟಿದ್ದ ಅಂತ ಆಗ ನನಗೆ ತಿಳಿಯಿತು. ಅವಳಿಗೂ ತಿಳಿದಿರಬೇಕು. ಬೀಟಿನ ಎರಡನೇ ಸುತ್ತಿನಲ್ಲಿ ಅವಳ ಹುಬ್ಬು ಮೇಲೇರಿತು, ಮೂರನೇ ಸುತ್ತಿನಲ್ಲಿ ಕಣ್ಣು ಮುಚ್ಚಿದಳು. ಬೈಗುಳ ನಿಲ್ಲಲಿಲ್ಲ. ಅವನ ಬಿಳಿ ಕೂದಲು, ಬ್ರೆಡ್ ವ್ಯಾನು, ಸ್ಪೀಕರಿನ ಮೇಲಿಟ್ಟ ಕಾಲು, ಒಂದನ್ನೂ ಬಿಡಲಿಲ್ಲ. ನಕ್ಕವರೆಲ್ಲ ಈಗ ಕುಣಿಯುತ್ತಿದ್ದರು. ನನ್ನ ಪಕ್ಕದಲ್ಲಿ ಗಂಟಲಿನ ಬೂಟು ತಾಳ ಹಾಕುತ್ತಿತ್ತು.

ಅಷ್ಟರಲ್ಲಿ ಡಬ್ಬಿಯ ಹೊತ್ತು ಮುಗಿಯಿತು. ನಿರೂಪಕ ಬೀಟ್ ನಿಲ್ಲಿಸಿದ. ಹುಡುಗಿ ಬಾಯಿ ತೆರೆದವಳು ಹಾಗೇ ನಿಂತಳು. ಆಮೇಲೆ ಡಬ್ಬಿಯ ಕಡೆ ತಿರುಗಿ ಕಾಲು ಅಪ್ಪಳಿಸಿದಳು.

"ಏ ತಾತಾ, ತಿರುಗಿ ಹಾಕು! ನಿನ್ನ ಬೈಯೋದು ಇನ್ನೂ ಮುಗಿದಿಲ್ಲ!"

"ಮುಗಿಯೋವರೆಗೂ ಹಾಕ್ತೀನಿ ಕಣಮ್ಮಾ" ಅಂದ ಡಬ್ಬಿ. ಚೌಕ ಒತ್ತಿಯೇಬಿಟ್ಟ. ನಿರೂಪಕ ಬೇಡ ಬೇಡ ಅಂತ ಕೈ ಬೀಸಿದ. ಯಾರು ಕೇಳುತ್ತಾರೆ?

ಕೊನೆಗೆ ಕೈ ಎತ್ತಿಸಿದರು. ಗೆದ್ದವನು ಬಣ್ಣದ ಕನ್ನಡಕದ ಹುಡುಗ. ಒಪ್ಪಬೇಕಾದ್ದೇ, ಅವನಿಗೆ ಹೆಚ್ಚು ಕೈ ಎದ್ದವು. ಡಬ್ಬಿ ಹೋಗಿ ಅವನ ಬೆನ್ನು ತಟ್ಟಿ, ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದ.

"ಸೋತೆಯಲ್ಲೋ" ಅಂದ ಗಂಟಲು.

"ಅವಳು ಬಾಯಿ ಮುಚ್ಚಿದಳಾ?" ಅಂತ ಕೇಳಿದ ಡಬ್ಬಿ. ಗಂಟಲು ಹೋಗಿ ಕಾರಿನ ಬಾಗಿಲು ತೆಗೆದ. ಕಾರಿನಲ್ಲಿ ನನ್ನ ಕಡೆ ಬಗ್ಗಿ ಡಬ್ಬಿ ಮೆಲ್ಲಗೆ ಕೇಳಿದ, "ಅತ್ತಿಗೆ, ಅವಳು ಹೇಳಿದ್ದು ಪೂರ್ತಿ ಕೇಳಿಸಲಿಲ್ಲ. ಏನಂದ್ಲು?"

"ಕೆಟ್ಟು ಹೋದ ಬತ್ತಿ ಅಂದಳು ನಿನ್ನ."

"ತಾಳಕ್ಕೆ ಸರಿಯಾಗಿ ಅಂದಳಾ?"

"ಒಂದಿಷ್ಟೂ ತಪ್ಪಲಿಲ್ಲ."

"ಹಾಗಾದ್ರೆ ಸರಿ" ಅಂತ ಸೀಟಿಗೆ ಒರಗಿದ. ಗುಜರಿ ಅಂಗಡಿ ದಾರಿಯಲ್ಲೇ ಸಿಗುತ್ತದೆ. ಕಾರು ನಿಲ್ಲಿಸು ಅನ್ನಲಿಲ್ಲ.

ಈಗ ಆ ಹುಡುಗಿ ಲಾಂಡ್ರಿ ಮುಗಿಸಿಕೊಂಡು ಸಂಜೆ ನೇರ ನಮ್ಮ ಮನೆಗೇ ಬರುತ್ತಾಳೆ. ಮೆಟ್ಟಿಲು ಹತ್ತುವಾಗಲೇ ಜಗಳ ಶುರು. ಆ ದಡ್ ಜಾಸ್ತಿಯಾಯಿತು ಅನ್ನುತ್ತಾಳೆ, ನಿನ್ನ ಮಾತೇ ಜಾಸ್ತಿ ಅನ್ನುತ್ತಾನೆ. ಫೋನಿನ ಚರ್ಚೆಯಲ್ಲಿ ಈಗಲೂ ಅದೇ ಪ್ರಶ್ನೆ ಕೇಳುತ್ತಾರಂತೆ, ಹಳಬರ ಕೈ ಮೊದಲಿನ ಹಾಗಿದೆಯಾ ಅಂತ. ಇಲ್ಲ. ಬರೆದುಕೊಳ್ಳಿ, ಇಲ್ಲ. ಶಟರ್ ಮಾಡಿದವನಿಗೆ ಈ ಬೀಟ್ ಮಾಡಲು ಬರುತ್ತಿರಲಿಲ್ಲ. ಅವನಿಗೆ ಆಗ ಎಲ್ಲವೂ ಕೇಳುತ್ತಿತ್ತು, ಎಲ್ಲವನ್ನೂ ತಾನೇ ತುಂಬಿಬಿಡುತ್ತಿದ್ದ.

ನಿನ್ನೆ ಸಂಜೆ ಇಬ್ಬರೂ ಹಿಂದಿನ ಕೋಣೆಯಲ್ಲಿದ್ದರು. ಒಲೆಯ ಮೇಲೆ ಕೆಟಲ್ ಕೂಗಿತು. ನನ್ನ ಕೈಯಲ್ಲಿ ಅರ್ಧ ಕೂರಿಸಿದ ಜಿಪ್ ಇತ್ತು, ಏಳಲಿಲ್ಲ.

"ತಾತಾ, ಕೆಟಲ್ ಅರಚ್ತಿದೆ, ಹೋಗಿ ಇಳಿಸು!" ಅಂದಳು ಹುಡುಗಿ.

"ನನಗೇನೂ ಕೇಳಿಸ್ತಿಲ್ಲ" ಅಂದ ಡಬ್ಬಿ. "ಮೇಲಿನದೆಲ್ಲ ನಿನ್ನ ಪಾಲು ಅಂತ ಆಗಲೇ ಮಾತಾಗಿದೆ. ನೀನೇ ಇಳಿಸು. ಹಾಗೇ ಅತ್ತಿಗೆಗೂ ಒಂದು ಲೋಟ ಚಹಾ ಕೊಡು."

ಬೈದುಕೊಂಡೇ ಬಂದು ಇಳಿಸಿದಳು. ಬೈಗುಳವೂ ತಾಳಕ್ಕೆ ಸರಿಯಾಗಿತ್ತು.